ಡಲ್ಲಾಸಿನಲ್ಲಿ ಕೆಲಸವಿದೆ

ಒಂದು ಸುಳ್ಳು ಹೇಳಿದರೆ ಅದರ ಬೆನ್ನಿಗೆ ಬಿದ್ದು ಮುನ್ನೂರೈವತ್ತು ಮೈಲಿ ಡ್ರೈವ್ ಮಾಡಬೇಕಾಗುತ್ತದೆ ಎಂದು ವೆಂಕಟಗಿರಿ ಓದಿದ ಯಾವ ನೀತಿಶಾಸ್ತ್ರದಲ್ಲೂ ಬರೆದಿರಲಿಲ್ಲ. ಹ್ಯೂಸ್ಟನ್ನಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಅವನು ಹದಿನೇಳು ವರ್ಷದಿಂದ ಅದೇ ನೀತಿಶಾಸ್ತ್ರವನ್ನು ಪಾಠ ಮಾಡುತ್ತಿದ್ದ. ನರ್ಸಿಂಗ್ ಓದುವ ಹುಡುಗಿಯರಿಗೂ ಏರ್ ಕಂಡೀಷನರ್ ರಿಪೇರಿ ಕಲಿಯುವ ಹುಡುಗರಿಗೂ, ಮನೆ ಬಾಗಿಲಿಗೆ ಕೊಲೆಗಾರನೇ ಬಂದು ನಿಂತು ವಿಚಾರಿಸಿದರೂ ಸುಳ್ಳು ಹೇಳಕೂಡದು ಎಂದ ಇನ್ನೂರು ವರ್ಷದ ಹಿಂದಿನ ಜರ್ಮನ್ ತತ್ವಜ್ಞಾನಿ, ಕೋನಿಗ್ಸ್‌ಬರ್ಗಿನ ಪ್ರೊಫೆಸರನ ಕಥೆ ಹೇಳಿ, ಅವರು ಬಾಯಿ ಬಿಟ್ಟುಕೊಂಡು ಕೂತಾಗ ಖುಷಿಪಡುತ್ತಿದ್ದ. ಈಗ ಏಪ್ರಿಲ್ ತಿಂಗಳ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ಕೇಟಿ ಎಂಬ ಊರು ದಾಟಿ ಪಶ್ಚಿಮಕ್ಕೆ ಓಡುತ್ತಿದ್ದ ಅವನ ಕಾರಿನ ಪಕ್ಕದ ಸೀಟಿನಲ್ಲಿ ಕೂತವರು ಕೊಲೆಗಾರರೇನಲ್ಲ. ಧಾರವಾಡದ ನಿವೃತ್ತ ಭೂಗೋಳದ ಮಾಸ್ತರು ಇರಣ್ಣ. ಅರವತ್ತೊಂಬತ್ತು ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಯ ಮೇಲೆ ಅಣ್ಣನ ಮಗಳು ಇಂದುಮತಿ ಕೊಡಿಸಿದ ನೀಲಿ ಬೇಸ್‌ಬಾಲ್ ಟೋಪಿ, ತೊಡೆಯ ಮೇಲೆ ಮಡಿಚಿದ ಟೆಕ್ಸಸ್ ನಕ್ಷೆ. ಫೋನಿನಲ್ಲಿ ದಾರಿ ತೋರಿಸುವ ಹೆಂಗಸಿನ ದನಿಯನ್ನು ಅವರು ನಂಬುತ್ತಿರಲಿಲ್ಲ. ಅವಳು ಬಲಕ್ಕೆ ಎಂದಾಗಲೆಲ್ಲ ನಕ್ಷೆಯ ಮೇಲೆ ಬೆರಳಿಟ್ಟು ನೋಡಿ, "ಹೌದು, ಖರೇ ಹೇಳ್ತಾಳ ಬಿಡ್ರಿ" ಎಂದು ಪಾಸು ಮಾಡುತ್ತಿದ್ದರು.

ಬುಧವಾರ ಅವರ ಫೋನು ಬಂದಾಗ ವೆಂಕಟಗಿರಿ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ತನ್ನ ಮನೆಯ ಮಹಡಿಯ ಕೋಣೆಯಲ್ಲಿ ಆತಿಥ್ಯದ ಬಗ್ಗೆ ಬರೆಯುತ್ತಿದ್ದ. ಹನ್ನೊಂದು ವರ್ಷದಿಂದ ಎಳೆಯುತ್ತಿದ್ದ ಪುಸ್ತಕದ ಕೊನೆಯ ಅಧ್ಯಾಯ ಅದು. ಮಂಗಳವಾರದೊಳಗೆ ಕಳಿಸದಿದ್ದರೆ ನಿಮ್ಮ ದಾರಿ ನಿಮಗೆ ಎಂದು ಪ್ರಕಾಶಕರು ಬಹಳ ವಿನಯದಿಂದ ಬರೆದಿದ್ದರು. ಬಾಗಿಲಿಗೆ ಬಂದ ಪರಕೀಯನನ್ನು ಶತ್ರುವಿನಂತೆ ಕಾಣಕೂಡದೆಂಬ ಮಾತು ಜರ್ಮನ್ ಚಿಂತನೆಯಲ್ಲಿ ದಯೆಯಿಂದ ಹಕ್ಕಿಗೆ ಹೊರಳಿದ್ದು ಹೇಗೆ ಎಂಬ ವಾಕ್ಯದ ನಡುಮಧ್ಯದಲ್ಲಿ ಅವನಿದ್ದ. ಫೋನು ಹೊಡೆದುಕೊಂಡಾಗ ಎದ್ದ ಮೊದಲ ಯೋಚನೆ: ಆತಿಥ್ಯದ ಬಗ್ಗೆ ಬರೆಯುವಾಗ ಹೀಗೆ ಯಾರಾದರೂ ಅಡ್ಡ ಬಂದರೆ ಬರೆಯುವುದಾದರೂ ಹೇಗೆ. "ನಾನ್ರಿ, ಇರಣ್ಣ. ಧಾರವಾಡದಾಂವ. ನೆನಪೈತೇನ್ರಿ?" ಎಂದಿತು ದನಿ. ನೆನಪಿಲ್ಲದೆ ಉಂಟೆ! ಇಪ್ಪತ್ತಾರು ವರ್ಷದ ಹಿಂದೆ ಮೈಸೂರಿನಲ್ಲಿ ಎಂ.ಎ. ಸೀಟು ಸಿಗದೆ ಧಾರವಾಡಕ್ಕೆ ಹೋಗಿ, ಹಾಸ್ಟೆಲಿನಲ್ಲಿ ಜಾಗವಿಲ್ಲವೆಂದಾಗ, ಯಾರೋ ಮೇಷ್ಟರ ಚೀಟಿ ಹಿಡಿದು ಅವರ ಎರಡು ಕೋಣೆಯ ಮನೆಗೆ ಎರಡು ದಿನಕ್ಕೆಂದು ಹೋದವನು ನಲವತ್ತೊಂದು ದಿನ ಇದ್ದುಬಿಟ್ಟಿದ್ದ. ಪುಸ್ತಕದ ಅರ್ಪಣೆಯ ಪುಟವನ್ನು ಮಾತ್ರ ಅವನು ಎಂದೋ ಬರೆದು ಮುಗಿಸಿದ್ದ: ಯಾವಾಗ ಹೋಗುತ್ತೀ ಎಂದು ಒಮ್ಮೆಯೂ ಕೇಳದ ಧಾರವಾಡದ ಒಂದು ಮನೆಗೆ. ಆ ಮನೆಯ ಯಜಮಾನರೇ ಈಗ ಹ್ಯೂಸ್ಟನ್ನಿನಲ್ಲಿ ಇಂದುಮತಿಯ ಮನೆಗೆ ಬಂದು ಮೂರು ವಾರವಾಗಿತ್ತು. ಆಕೆಯ ಸಂಸಾರ ಎಂದೋ ಬುಕ್ ಮಾಡಿದ್ದ ಹಡಗಿನ ಪ್ರವಾಸಕ್ಕೆ ಶನಿವಾರ ಹೊರಡಬೇಕಾಗಿತ್ತು. ಡಲ್ಲಾಸಿನ ಪಕ್ಕದ ಪ್ಲೇನೋದಲ್ಲಿದ್ದ ಇರಣ್ಣನವರ ಅಕ್ಕನ ಮಗ ಶ್ರೀಶೈಲ್, ನಾವು ಆಸ್ಟಿನ್‌ನಲ್ಲಿ ಗೆಳೆಯನ ಮನೆಗೆ ಹೋಗುತ್ತೇವೆ, ಸೋಮವಾರ ಬನ್ನಿ ಎಂದಿದ್ದ. ನಡುವೆ ಉಳಿದದ್ದು ಎರಡು ರಾತ್ರಿ. "ನಿಮ್ಮ ಮನ್ಯಾಗ ಎರಡು ದಿವಸ ಇರಲೇನ್ರಿ?" ಎಂದು ಅವರು ಕೇಳಿದರು. ಇಷ್ಟೇ ಕೇಳಿದ್ದು.

ಆ ವಾರಾಂತ್ಯ ಹೆಂಡತಿ ಮಧುರಾ ಮಗಳು ದಿಯಾಳನ್ನು ಈಜು ಸ್ಪರ್ಧೆಗೆಂದು ಕಾರ್ಪಸ್ ಕ್ರಿಸ್ಟಿಗೆ ಕರೆದುಕೊಂಡು ಹೋಗುವವಳಿದ್ದಳು. ಖಾಲಿ ಮನೆ, ಮುಚ್ಚಿದ ಬಾಗಿಲು, ಒಂದು ಫ್ಲಾಸ್ಕ್ ಕಾಫಿ, ಎರಡು ಪೂರ್ತಿ ಹಗಲು ಎಂದು ವೆಂಕಟಗಿರಿ ತಿಂಗಳಿಂದ ಜೊಲ್ಲು ಸುರಿಸಿಕೊಂಡಿದ್ದ. ಅವನ ಬಾಯಿ ಅವನನ್ನು ಕೇಳದೆಯೇ ಹೇಳಿತು: "ಅಯ್ಯೋ ಸರ್, ಎಂಥಾ ಕೆಲಸ ಆಯ್ತು ನೋಡಿ. ಶನಿವಾರ ನಾನು ಡಲ್ಲಾಸಿಗೆ ಹೋಗ್ತಾ ಇದ್ದೀನಲ್ಲ. ಒಂದು ಕಾನ್ಫರೆನ್ಸ್ ಇದೆ." ಆ ಕಡೆ ಒಂದು ಕ್ಷಣದ ಮೌನ. ಆ ಮೌನದಲ್ಲಿ ಅವನಿಗೆ ಅವಮಾನಕ್ಕಿಂತ ಹೆಚ್ಚಾಗಿ ಹಾಯೆನಿಸಿತು; ಆಮೇಲೆ ಅದನ್ನು ಎಷ್ಟು ಉಜ್ಜಿದರೂ ತೊಳೆದುಕೊಳ್ಳಲಾಗಲಿಲ್ಲ. ಆದರೆ ಇರಣ್ಣನವರು ನಿರಾಶರಾಗಿ ಸುಮ್ಮನಾಗಿರಲಿಲ್ಲ, ಸಂತೋಷಕ್ಕೆ ಮಾತು ಹುಡುಕುತ್ತಿದ್ದರು. "ಡಲ್ಲಾಸಿಗೇನ್ರಿ? ಭಾಳ ಚಲೋ ಆತು ನೋಡ್ರಿ! ನಂದೂ ಆ ಕಡೀಗೇ ಹೋಗೂದೈತಲ್ಲ. ನಿಮ್ಮ ಗಾಡ್ಯಾಗ ಬಂದುಬಿಡ್ತೀನಿ. ಆಸ್ಟಿನ್ ಮ್ಯಾಲೆ ಹಾದು ಹೋಗೂಣು, ಶ್ರೀಶೈಲ ಅಲ್ಲೇ ಇರ್ತಾನ, ಅವನ ಕಡೆ ನನ್ನ ಒಪ್ಪಿಸಿ ನೀವು ಮುಂದ ನಿಮ್ಮ ಕಾನ್ಫರೆನ್ಸಿಗೆ ಹೋಗ್ರಿ." ಹಳ್ಳ ದಾಟಲು ಹೋಗಿ ಹೊಳೆಗೆ ಬಿದ್ದಂತಾಯಿತು. ಮಧುರಾಳಿಗೆ ಹೇಳಿದರೆ ಬೈಯುತ್ತಾಳೆಂದುಕೊಂಡಿದ್ದ, ಅವಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. "ಆತಿಥ್ಯದ ಪಂಡಿತರೇ, ಹೋಗಿ ಬನ್ನಿ ಡಲ್ಲಾಸಿಗೆ. ದಾರೀಲಿ ಉಪಯೋಗಕ್ಕೆ ಬರುತ್ತೆ, ಒಂದು ಕಾನ್ಫರೆನ್ಸ್ ಬ್ಯಾಡ್ಜೂ ಮಾಡಿಸ್ಕೊಳ್ಳಿ" ಎಂದಳು. ಬೈದಿದ್ದರೇ ವಾಸಿಯಾಗಿತ್ತು.

ಬ್ರಾಜೋಸ್ ನದಿಯ ಸೇತುವೆ ಬಂದಾಗ ಇರಣ್ಣನವರು ಟೋಪಿ ತೆಗೆದು ಕಿಟಕಿಗೆ ಮುಖವಿಟ್ಟರು. ಮೂವತ್ತಾರು ವರ್ಷ ಅವರು ಮಕ್ಕಳಿಗೆ ಜಗತ್ತಿನ ನದಿಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ತಾವು ಕಣ್ಣಾರೆ ಕಂಡದ್ದು ಮಲಪ್ರಭೆ, ಘಟಪ್ರಭೆ, ಹೆಚ್ಚೆಂದರೆ ಕೃಷ್ಣೆ. ರಿಟೈರ್ ಆದಮೇಲೂ ಹುಬ್ಬಳ್ಳಿ ದಾಟಲು ಕಾರಣ ಬೇಕಿತ್ತು. ಹೆಂಡತಿ ಶಿವಬಸವ್ವ ಮೊಣಕಾಲಿನ ನೆಪ ಹೇಳಿ ವಿಮಾನ ಒಲ್ಲೆ ಎಂದರಂತೆ. "ಆಕಿ ಅಂದ್ಲು, ನೀವು ನೋಡಿ ಬಂದು ಹೇಳ್ರಿ, ಕೇಳಿದ್ರ ಸಾಕು ನಂಗ" ಎಂದು ನಕ್ಕರು. ನೀವು, ರಿ, ಪ್ರೊಫೆಸರ್ ಎಂಬ ಈ ಹೊಸ ಮರ್ಯಾದೆ ಬೆಳಗಿನಿಂದ ವೆಂಕಟಗಿರಿಯನ್ನು ಚುಚ್ಚುತ್ತಿತ್ತು. ಅಂದು ಅವರು ಅವನನ್ನು 'ಏ ಮೈಸೂರು' ಎಂದು ಕರೆಯುತ್ತಿದ್ದರು. ಸಂಜೆ ಶಾಲೆಯಿಂದ ಬಂದವರು ಸೈಕಲ್ ಒರಗಿಸಿ, ಏ ಮೈಸೂರು, ಚಾ ಕುಡದೇನು, ಎನ್ನುತ್ತಿದ್ದರು. ಶಿವಬಸವ್ವ ಒಲೆಯ ಮುಂದೆ ಕೂತು ಟಪಟಪ ರೊಟ್ಟಿ ಬಡಿಯುತ್ತಿದ್ದರು. ಬಿಸಿಯಾದದ್ದು ಮೊದಲು ಅವನ ತಾಟಿಗೇ ಬೀಳುತ್ತಿತ್ತು. ಆ ಟಪಟಪ ಸದ್ದನ್ನು ನೆನೆದುಕೊಂಡೇ ಅವನು ತನ್ನ ಮೊದಲ ಅಧ್ಯಾಯ ಬರೆದಿದ್ದ. ಎಡಗಡೆಯಿಂದ ಒಂದು ಪಿಕಪ್ ಟ್ರಕ್ ಹಾರ್ನ್ ಬಾರಿಸಿ ಮುಂದೆ ಹೋಯಿತು. ತಾನು ಲೇನು ಬಿಟ್ಟು ಸರಿಯುತ್ತಿದ್ದೇನೆಂದು ಆಗ ಅವನಿಗೆ ತಿಳಿಯಿತು.

"ಕಾನ್ಫರೆನ್ಸ್ ಯಾವ ವಿಷಯದ ಮ್ಯಾಲೈತ್ರಿ?" ಎಂದರು ಇರಣ್ಣ. ಇನ್ನೊಂದು ಸುಳ್ಳು ಹುಡುಕಲು ಹೋಗಿ ಸಿಗದೆ ವೆಂಕಟಗಿರಿ ನಿಜವನ್ನೇ ಹೇಳಿಬಿಟ್ಟ. "ಆತಿಥ್ಯದ ಮೇಲೆ ಸರ್. ಜರ್ಮನ್ ಚಿಂತನೆಯಲ್ಲಿ." ಹೇಳಿದ ಕೂಡಲೇ ಕಿವಿ ಬಿಸಿಯಾಯಿತು. ಆದರೆ ಮಾಸ್ತರರು ಬಿಡುವವರಲ್ಲ. ಅತಿಥಿ ದೇವರು ಅನ್ನೂದು ನಮಗ ಗೊತ್ತಿದ್ದದ್ದೇ, ಜರ್ಮನಿಯವರು ಏನು ಹೊಸಾದು ಹೇಳ್ಯಾರ ಅದರಾಗ ಎಂದು ಜಗ್ಗದೆ ಕೂತರು. ಹಾಗಾಗಿ ಎರಡೂ ಬದಿಗೆ ನೀಲಿ ಹೂವು ಚೆಲ್ಲಿಕೊಂಡ ಹೆದ್ದಾರಿಯಲ್ಲಿ, ಕೊಲಂಬಸ್ ಎಂಬ ಊರು ಬರುವ ತನಕ, ವೆಂಕಟಗಿರಿ ಪಾಠ ಮಾಡಿದ. ಕೋನಿಗ್ಸ್‌ಬರ್ಗಿನ ಆ ಪ್ರೊಫೆಸರನಿಗಿಂತ ಹಿಂದಿನ ಪಂಡಿತರಲ್ಲಿ ಬಹಳ ಮಂದಿ ಅತಿಥಿಯನ್ನು ಬರಮಾಡಿಕೊಳ್ಳುವುದು ಒಳ್ಳೆಯ ಮನಸ್ಸಿನ ಮಾತು, ಮಾಡಿದರೆ ಪುಣ್ಯ, ಮಾಡದಿದ್ದರೆ ಕೇಳುವವರಿಲ್ಲ ಎಂದಿದ್ದರು. ಇನ್ನು ಕೆಲವರು ಪರದೇಶಕ್ಕೆ ಹೋಗಿಬರುವ ಹಕ್ಕು ನಮಗುಂಟು ಎಂದು ಹೇಳಿಕೊಂಡೇ ಹಡಗು ಹತ್ತಿ ಹೋಗಿ ಊರಿಗೆ ಊರನ್ನೇ ನುಂಗಿದ್ದರು. ಈ ಮುದುಕ ಪ್ರೊಫೆಸರ ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ ಎರಡು ಕಡೆಯವರನ್ನೂ ಗದರಿದ. ಬಂದವನನ್ನು ಹಗೆಯಂತೆ ಕಾಣಬೇಡಿ, ಅದು ನಿಮ್ಮ ಔದಾರ್ಯವಲ್ಲ, ಅವನ ಹಕ್ಕು. ಅವನನ್ನು ಕಳಿಸಬಹುದು, ಆದರೆ ಕಳಿಸಿದರೆ ಅವನು ನಾಶವಾಗುವಂತಿದ್ದರೆ ಕಳಿಸಕೂಡದು. ಹಾಗೆಂದು ಬಂದವನು ಮನೆಯವನೇ ಆಗಿಬಿಡುವಂತಿಲ್ಲ. ಉಳಿಯಬೇಕೆಂದರೆ ಇಬ್ಬರೂ ಕೂತು ಬೇರೆ ಮಾತಾಡಿಕೊಳ್ಳಬೇಕು. "ಇದಕ್ಕೆಲ್ಲ ಅವನು ಕೊಡುವ ಕಾರಣ ಏನು ಗೊತ್ತೇ ಸರ್? ಭೂಮಿ ದುಂಡಗಿದೆ. ಚಪ್ಪಟೆಯಾಗಿ ಕೊನೆಯೇ ಇಲ್ಲದೆ ಹಾಸಿಕೊಂಡಿದ್ದಿದ್ರೆ ಒಬ್ಬರ ಸಹವಾಸ ಬೇಡ ಅಂತ ಇನ್ನೊಬ್ಬರು ದೂರ ಹೋಗ್ತಾನೇ ಇರಬಹುದಿತ್ತು. ದುಂಡಗಿರೋದರಿಂದ ಎಷ್ಟು ದೂರ ಹೋದರೂ ಯಾರದ್ದೋ ಮನೆ ಬಾಗಿಲಿಗೇ ಬಂದು ನಿಲ್ತೀವಿ."

ಇರಣ್ಣನವರು ತೊಡೆ ಬಡಿದುಕೊಂಡರು. "ಆಹಾ! ಮೂವತ್ತಾರು ವರ್ಷ ಭೂಮಿ ದುಂಡಗೈತಿ ಅಂತ ಕಲಿಸೀನ್ರಿ. ಹಡಗದ ತುದಿ ಮೊದಲು ಕಾಣ್ತೈತಿ, ಗ್ರಹಣದಾಗ ನೆರಳು ದುಂಡಗ ಬೀಳ್ತೈತಿ, ಇಷ್ಟ ಹೇಳಿದ್ದು. ಇದು ಹೊಳೀಲಿಲ್ಲ ನೋಡ್ರಿ." ಆ ಪ್ರೊಫೆಸರನೂ ವರ್ಷಗಟ್ಟಲೆ ಭೂಗೋಳ ಪಾಠ ಮಾಡಿದವನೇ, ತನ್ನ ಸೀಮೆ ಬಿಟ್ಟು ಹೊರಗೆ ಕಾಲಿಟ್ಟವನಲ್ಲ ಎಂದಾಗಲಂತೂ ಅವರಿಗೆ ತಮ್ಮ ಬೀಗರೇ ಸಿಕ್ಕಷ್ಟು ಸಂತೋಷವಾಯಿತು. ಆತ ಯಾವತ್ತೂ ಒಬ್ಬನೇ ಊಟ ಮಾಡುತ್ತಿರಲಿಲ್ಲ, ದಿನಾ ಮಧ್ಯಾಹ್ನ ನಾಲ್ಕಾರು ಮಂದಿಯನ್ನು ಕರೆಯುತ್ತಿದ್ದ ಎಂದೂ ವೆಂಕಟಗಿರಿ ಹೇಳಿದ. "ಅದು ಆತು. ಅವನ ಮನ್ಯಾಗ ರಾತ್ರಿ ಯಾರರೆ ಉಳೀತಿದ್ರೇನು?" ವೆಂಕಟಗಿರಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆ ಅವನಿಗೆ ಬಂದೇ ಇರಲಿಲ್ಲ. "ಊಟಕ್ಕ ಕರಿಯೂದು ಬ್ಯಾರೆ, ಹಾಸಿಗಿ ಹಾಸಿ ಕೊಡೂದು ಬ್ಯಾರೆ ಐತ್ರಿ ಪ್ರೊಫೆಸರ್" ಎಂದು ಇರಣ್ಣ ಸಹಜವಾಗಿ ಹೇಳಿದರು. ಅದರಲ್ಲಿ ಕೊಂಕು ಇದೆಯೇ ಎಂದು ವೆಂಕಟಗಿರಿ ಓರೆಗಣ್ಣಿನಲ್ಲಿ ಅವರ ಮುಖ ನೋಡಿದ. ಇರಲಿಲ್ಲ. ಅವರು ನಕ್ಷೆಯಲ್ಲಿ ಕೊಲರಾಡೋ ನದಿಯನ್ನು ಹುಡುಕುತ್ತಿದ್ದರು. ಇದು ದೊಡ್ಡ ಕಮರಿ ಕೊರೆದ ಕೊಲರಾಡೋ ಅಲ್ಲ, ಟೆಕ್ಸಸ್‌ನಲ್ಲೇ ಹುಟ್ಟಿ ಟೆಕ್ಸಸ್‌ನಲ್ಲೇ ಸಮುದ್ರ ಸೇರುವ ಬೇರೆ ನದಿ, ಮಂದಿ ಇಲ್ಲೇ ಮೋಸ ಹೋಗತಾರ ಎಂದು ವಿವರಿಸುತ್ತಿದ್ದರು.

ಇನ್ನೊಂದು ಗಂಟೆ, ಆಮೇಲೆ ಮುಗಿಯಿತು ಎಂದು ವೆಂಕಟಗಿರಿ ಲೆಕ್ಕ ಹಾಕುತ್ತಿದ್ದ. ಆಸ್ಟಿನ್‌ನಲ್ಲಿ ಶ್ರೀಶೈಲನ ಕೈಗೆ ಇವರನ್ನು ಒಪ್ಪಿಸುವುದು, ಡಲ್ಲಾಸಿನ ಕಡೆಗೆ ಎರಡು ಸಿಗ್ನಲ್ ದಾಟುವ ತನಕ ಕೈಬೀಸುವುದು, ಆಮೇಲೆ ಕಾರು ತಿರುಗಿಸಿ ಸಂಜೆಯೊಳಗೆ ಮನೆ ಸೇರುವುದು. ಭಾನುವಾರ, ಸೋಮವಾರ ಎರಡು ದಿನ ಇನ್ನೂ ಸಿಗುತ್ತದೆ. ಸುಳ್ಳಿನಿಂದ ಯಾರಿಗೂ ನಷ್ಟವಾಗಲಿಲ್ಲ. ಅವರಿಗೆ ಒಂದು ಸವಾರಿ ಸಿಕ್ಕಿತು, ಎರಡು ನದಿ ಸಿಕ್ಕಿತು. ಈ ಸಮಾಧಾನ ಅವನಿಗೆ ಎಷ್ಟು ಹಿಡಿಸಿತೆಂದರೆ ಸ್ಟಿಯರಿಂಗ್ ಮೇಲೆ ಬೆರಳಲ್ಲೇ ತಾಳ ಹಾಕತೊಡಗಿದ. ಬ್ಯಾಸ್ಟ್ರಾಪ್ ಹತ್ತಿರ ಬಂದಾಗ ಇರಣ್ಣ ಶ್ರೀಶೈಲನಿಗೆ ಫೋನ್ ಮಾಡಿ ಎಂದರು. ತಾವು ಬರುತ್ತಿರುವ ವಿಷಯ ಅವನಿಗೆ ಇನ್ನೂ ಹೇಳಿರಲಿಲ್ಲ, ಒಮ್ಮೆಲೆ ಖುಷಿಪಡಿಸಬೇಕೆಂದಿದ್ದರು. ವೆಂಕಟಗಿರಿ ಕಾರಿನ ಸ್ಪೀಕರಿಗೆ ಹಾಕಿದ.

"ಮಾಮಾ! ಹೆಂಗದೀರಿ?" ಎಂದ ಶ್ರೀಶೈಲ್.

"ನಾ ಆಸ್ಟಿನ್ ಹತ್ರ ಬಂದೀನೋ. ಪ್ರೊಫೆಸರ್ ಗಾಡ್ಯಾಗ. ನಿನ್ನ ಗೆಳ್ಯಾನ ಮನಿ ಅಡ್ರೆಸ್ ಹೇಳು, ಅರ್ಧಾ ತಾಸಿನಾಗ ಬರ್ತೀನಿ."

ಆ ಕಡೆ ಹಿಂದೆಲ್ಲೋ ಗರಾಜಿನ ಬಾಗಿಲು ಗರಗರ ಎನ್ನುತ್ತಾ ಏರುವ ಸದ್ದು, ಹೆಂಡತಿ ವೈಷ್ಣವಿಯದಿರಬೇಕು, ಒಂದು ಹೆಣ್ಣುದನಿಯ ಪಿಸುಮಾತು. "ಅಂದ್ರ... ಮಾಮಾ, ಇಲ್ಲಿ ಭಾಳ ಮಂದಿ ಅದೀವ್ರಿ. ಅವರ ಮನ್ಯಾಗ ಪ್ಲಂಬಿಂಗ್ ಬ್ಯಾರೆ ಹೋಗೈತಿ. ವೈಷ್ಣವಿಗೆ ತಲಿನೋವು. ಮತ್ತ ಈಗ ನಾವೆಲ್ಲಾ ಹೊಂಟೇಬಿಟ್ವಿ, ಆಸ್ಟಿನ್ ಬಿಟ್ಟು... ಸ್ಯಾನ್ ಆಂಟೋನಿಯೋಕ್ಕ. ಅಲ್ಲೇ ಹಾದು ಸೋಮವಾರ ಪ್ಲೇನೋ ಮುಟ್ಟತೀವಿ." ವೆಂಕಟಗಿರಿಗೆ ಆ ದನಿ ತನ್ನ ಅಂಗೈಯಷ್ಟೇ ಪರಿಚಿತವೆನಿಸಿತು. ಒಂದು ಕಾರಣ ಸಾಕಾಗುವಲ್ಲಿ ಮೂರು ಕಾರಣ; ಪ್ಲಂಬಿಂಗೂ ತಲೆನೋವೂ ಒಟ್ಟಿಗೆ. ಈತ ಆಸ್ಟಿನ್‌ನಲ್ಲೇ ಇಲ್ಲ, ಪ್ಲೇನೋದ ತನ್ನ ಗರಾಜಿನಲ್ಲಿ ಕೈಯಲ್ಲಿ ಕಸದ ಚೀಲವನ್ನೋ ಏನನ್ನೋ ಹಿಡಿದು ನಿಂತಿದ್ದಾನೆ. ಅವನಿಗೂ ಏನೋ ಮುಗಿಸುವುದಿರಬಹುದು, ಅಥವಾ ಏನೂ ಇಲ್ಲದೆ ಎರಡು ದಿನ ಸುಮ್ಮನೆ ಕಾಲು ಚಾಚಿ ಕೂರಬೇಕೆನಿಸಿರಬಹುದು. ಸಿಟ್ಟು ಬರಬೇಕಿತ್ತು, ಬಂದದ್ದು ತನ್ನ ಕುಲದವನು ಸಿಕ್ಕ ಸಲುಗೆ. "ಪರವಾಗಿಲ್ಲ ಶ್ರೀಶೈಲ್, ನಾನು ನೋಡ್ಕೊತೀನಿ, ನೀವು ಹೋಗಿಬನ್ನಿ" ಎಂದು ಅವನೇ ಬಾಯಿ ಹಾಕಿದ. "ಥ್ಯಾಂಕ್ಯೂ ಅಂಕಲ್! ಥ್ಯಾಂಕ್ಯೂ!" ಎಂದಿತು ಬದುಕಿಕೊಂಡ ದನಿ. ಅಂಕಲ್ ಅನ್ನಿಸಿಕೊಂಡದ್ದು ಬೇರೆ ನೋವು. ಇಬ್ಬರು ಕಳ್ಳರು ಮಾಲಿನ ಎದುರಿಗೇ ಕೈ ಕುಲುಕಿದಂತಿತ್ತು, ಮಾಲು ಮಾತ್ರ ನಕ್ಷೆಯನ್ನು ಬಿಚ್ಚಿ ನೋಡುತ್ತಿತ್ತು.

"ಸ್ಯಾನ್ ಆಂಟೋನಿಯೋ ದಕ್ಷಿಣಕ್ಕೈತಿ" ಎಂದರು ಇರಣ್ಣ. ಬೆರಳು ನಕ್ಷೆಯ ಮೇಲೇ ಇತ್ತು. "ಪ್ಲೇನೋ ಉತ್ತರಕ್ಕೈತಿ." ನಕ್ಷೆಯನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಿಚಿ, ಸರಿ ಬರದಿದ್ದಾಗ ಮತ್ತೆ ಬಿಚ್ಚಿ, ಮತ್ತೆ ಮಡಿಚಿದರು. ವೆಂಕಟಗಿರಿ ಏನಾದರೂ ಹೇಳಬೇಕೆಂದು ಹವಾಮಾನದ ಬಗ್ಗೆ ಹೇಳಿದ. ಅವರು ಹೌದ್ರಿ ಎಂದರು.

ಆಸ್ಟಿನ್ ಊರೊಳಗೆ ನದಿಗೆ ಅಡ್ಡಕಟ್ಟೆ ಕಟ್ಟಿ ಸರೋವರದಂತೆ ಮಾಡಿದ ಕಡೆ, ಹುಲ್ಲಿನ ದಂಡೆಯ ಬೆಂಚೊಂದರ ಮೇಲೆ ಇಬ್ಬರೂ ಬುತ್ತಿ ಬಿಚ್ಚಿದರು. ಇಂದುಮತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಎದುರಿಗೆ ನೀರಿನ ಮೇಲೆ ಹುಡುಗರು ಹಲಗೆಯಂಥ ದೋಣಿಯಲ್ಲಿ ನಿಂತೇ ಹುಟ್ಟು ಹಾಕುತ್ತಿದ್ದರು. ಒಬ್ಬಳು ನಾಯಿಯನ್ನೂ ಕೂರಿಸಿಕೊಂಡಿದ್ದಳು. ಬಿಸಿಲು ಚೆನ್ನಾಗಿತ್ತು. ವೆಂಕಟಗಿರಿಯ ತಲೆಯೊಳಗೆ ಡಲ್ಲಾಸಿನ ಹೋಟೆಲುಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ಇನ್ನೂ ಉಪಾಯವಿತ್ತು. ಅಲ್ಲೇ ಪಕ್ಕದ ಇರ್ವಿಂಗ್‌ನಲ್ಲಿ ಒಂದು ರೂಮು ಮಾಡುವುದು, ಕಾನ್ಫರೆನ್ಸಿಗೆ ಹೋಗಿಬರುತ್ತೇನೆಂದು ಯಾವುದಾದರೂ ಕಾಫಿ ಅಂಗಡಿಯಲ್ಲಿ ಕೂತು ಬರೆಯುವುದು, ಸಂಜೆ ಅವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು. ಸುಳ್ಳು ಈಗ ಎಷ್ಟು ಪೊಗದಸ್ತಾಗಿ ಬೆಳೆದಿತ್ತೆಂದರೆ ಅದಕ್ಕೆ ದೇವಸ್ಥಾನವೂ ಇತ್ತು. ಆಗ ಇರಣ್ಣ ಮೆಲ್ಲಗೆ ಹೇಳಿದರು: "ಇಲ್ಲೆ ಬಸ್ ಸ್ಟ್ಯಾಂಡ್ ಇರಬೇಕಲ್ರಿ. ಅಲ್ಲೆ ಬಿಟ್ಟು ಹೋಗ್ರಿ ನನ್ನ. ಸೋಮವಾರದ ತನಕ ಕುಂತಿರ್ತೀನಿ, ನಂಗೇನು, ಪೇಪರ್ ಓದಕೋತ ಕುಂತ್ರ ಹೊತ್ತು ಹೋಗತೈತಿ. ನಿಮಗ ಕಾನ್ಫರೆನ್ಸಿಗೆ ತಡಾ ಆಗಬಾರದು. ಇಷ್ಟ ದೂರ ಕರಕೊಂಡು ಬಂದ್ರಿ, ನೀವೊಬ್ರು ಪುಣ್ಯಾತ್ಮರು."

ಪುಣ್ಯಾತ್ಮರು ಎಂಬ ಮಾತಿಗೆ ವೆಂಕಟಗಿರಿ ತಲೆ ಎತ್ತಿ ನೋಡಿದ. ಈ ಊರಿನ ಬಸ್ ಸ್ಟ್ಯಾಂಡು ಎಂಥದ್ದೆಂದು ಇವರಿಗೆ ಗೊತ್ತಿಲ್ಲ. ಧಾರವಾಡದ ಹಾಗೆ ಗಿರ್ಮಿಟ್ಟು, ಚಹಾ, ಪರಿಚಯದ ಮುಖ ಎಂದುಕೊಂಡಿದ್ದಾರೆ. ಇಪ್ಪತ್ತಾರು ವರ್ಷದ ಹಿಂದೆ ತಾನೂ ಸ್ಟೇಷನ್ನಿನ ಬೆಂಚಿನ ಮೇಲೆ ಟ್ರಂಕು ಇಟ್ಟುಕೊಂಡು ಕೂತಿದ್ದನಲ್ಲ, ಚೀಟಿಯನ್ನು ಹತ್ತು ಸಲ ಓದಿಕೊಂಡು. ನೀರು ಕುಡಿದ. ಆ ನೀರೂ ಇಂದುಮತಿ ಕೊಟ್ಟದ್ದು. "ಸರ್" ಎಂದ. "ನನಗೆ ಡಲ್ಲಾಸಿನಲ್ಲಿ ಏನೂ ಕೆಲಸ ಇಲ್ಲ."

ಇರಣ್ಣ ಅಗಿಯುವುದನ್ನು ನಿಲ್ಲಿಸಲಿಲ್ಲ. "ಕಾನ್ಫರೆನ್ಸು?"

"ಇಲ್ಲ ಸರ್."

"ಮತ್ತ ಆ ಆತಿಥ್ಯದ್ದು?"

"ಅದನ್ನ ಬರೀತಾ ಇದ್ದೆ. ಮನೇಲಿ. ನೀವು ಬಂದ್ರೆ ಬರೆಯೋದಕ್ಕೆ ಆಗಲ್ಲ ಅಂತ ಸುಳ್ಳು ಹೇಳಿದೆ. ಮನೆ ಖಾಲಿ ಇದೆ ಸರ್. ನಾಲ್ಕು ಬೆಡ್‌ರೂಮ್ ಇದೆ." ನಾಲ್ಕು ಎಂದು ಯಾಕೆ ಹೇಳಿದನೋ ಅವನಿಗೇ ತಿಳಿಯಲಿಲ್ಲ, ತಪ್ಪೊಪ್ಪಿಗೆಯಲ್ಲೂ ಜಂಬ ಇಣುಕಿತ್ತು. ಇರಣ್ಣನವರು ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಯೊಳಗೆ ಇಟ್ಟರು. ನದಿಯ ಕಡೆ ನೋಡುತ್ತಾ ಹೇಳಿದರು: "ಶ್ರೀಶೈಲ ಹೇಳಿದ್ದು ಸುಳ್ಳಂತ ಆಗಿಂದಾಗ ತಿಳೀತು. ನಿಮ್ಮದು ತಿಳೀಲಿಲ್ಲ ನೋಡ್ರಿ." ವೆಂಕಟಗಿರಿಯ ಕಣ್ಣು ತುಂಬಿತು. ಅವರು ಕೂಗಾಡಿದ್ದರೆ ಸಹಿಸಬಹುದಾಗಿತ್ತು. ಅವರ ನಂಬಿಕೆ ಇಷ್ಟು ದೂರ ತನ್ನ ಪಕ್ಕದಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತಿತ್ತು, ಅದೇ ಅವನಿಗೆ ತಡೆಯಲಾಗಲಿಲ್ಲ.

ಆಮೇಲೆ ಅವನು ಮಾತಾಡುತ್ತಲೇ ಹೋದ. ನಿಮ್ಮ ಮನೆಯಲ್ಲಿ ನಲವತ್ತೊಂದು ದಿನ ಇದ್ದೆ, ನೀವಾಗಲಿ ಅಮ್ಮನಾಗಲಿ ಯಾವಾಗ ಹೋಗುತ್ತೀ ಎಂದು ಒಂದು ದಿನ ಕೇಳಲಿಲ್ಲ, ಪುಸ್ತಕವನ್ನೇ ನಿಮ್ಮ ಮನೆಗೆ ಅರ್ಪಿಸಿದ್ದೇನೆ, ಆ ಪುಟವನ್ನು ಈಗ ಹರಿದು ಹಾಕಬೇಕು, ನಾನು ಅಯೋಗ್ಯ. ಹುಲ್ಲಿನ ಮೇಲೆ ಓಡುತ್ತಿದ್ದ ಹೆಂಗಸೊಬ್ಬಳು ಕಿವಿಯ ಇಯರ್‌ಫೋನ್ ತೆಗೆದು, ಈ ನಡುವಯಸ್ಸಿನ ಮನುಷ್ಯ ಅಳುತ್ತಿದ್ದಾನೆಯೇ ಎಂದು ನೋಡಿಕೊಂಡು ಹೋದಳು. ಇರಣ್ಣ ಕೇಳಿದರು, ಕೇಳಿ, ಒಂದು ನಗೆ ನಕ್ಕರು. ಅದು ಸಮಾಧಾನದ ನಗೆಯಾಗಿರಲಿಲ್ಲ.

"ಕೇಳಲಿಲ್ಲ ಅಂತ ಯಾರು ಹೇಳಿದ್ರು ನಿನಗ? ನಿನ್ನ 'ಅಮ್ಮ' ನಿನ್ನ ಮುಂದ ಕೇಳಲಿಲ್ಲ. ನನ್ನ ಮುಂದ ದಿನಾ ಕೇಳತಿದ್ಲು. ಆ ಹುಡುಗ ಯಾವಾಗ ಹೋಗ್ತಾನ, ಜ್ವಾಳ ತೀರಾಕ ಬಂತು, ಎರಡ ಖೋಲಿ ಮನಿ, ತಲಿ ಬಾಚಾಕ ಸೈತ ಒಂದ ಮರೆ ಇಲ್ಲ. ಹನ್ನೊಂದನೇ ದಿವಸ ಅಂದ್ಲು, ನಾವು ಊರಿಗೆ ಹೊಂಟೀವಿ ಅಂತ ಒಂದ ಸುಳ್ಳ ಹೇಳಿ ಕಳಸ್ರಿ ಅವನ್ನ ಅಂತ. ನಾನೂ ಹೂಂ ಅಂದೆ. ಹೇಳಾಕಂತ ಹಿತ್ತಲಕ್ಕ ಬಂದೆ. ನೀ ಇದ್ದದ್ದೊಂದ ಚಲೋ ಅಂಗಿ ಒಗಕೋತ ಕುಂತಿದ್ದಿ."

ಇಪ್ಪತ್ತಾರು ವರ್ಷ ವೆಂಕಟಗಿರಿ ಒಳಗೆ ದೀಪ ಹಚ್ಚಿಟ್ಟುಕೊಂಡಿದ್ದ ಮನೆ ಅದು. ಆ ತಾಟು, ಆ ರೊಟ್ಟಿ, ಇನ್ನೊಂದು ಹಾಕಲೇನೋ ಎಂಬ ಮಾತು, ಎಲ್ಲವೂ ಒಂದೊಂದಾಗಿ ಮಗ್ಗುಲು ಬದಲಿಸಿದವು. ರೊಟ್ಟಿ ಬಡಿಯುವ ಸದ್ದು ಕೆಲವು ಸಂಜೆ ಜಾಸ್ತಿಯೇ ಜೋರಾಗಿರುತ್ತಿತ್ತಲ್ಲವೇ? ಮೂರು ರೊಟ್ಟಿಯ ಮೇಲೆ ನಾಲ್ಕನೆಯದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದ ತನ್ನ ಇಪ್ಪತ್ತೆರಡರ ಬಾಯಿಯನ್ನು ನೆನೆದು ಈಗ, ಟೆಕ್ಸಸ್‌ನ ಬಿಸಿಲಲ್ಲಿ, ಅವನ ಮೈಯೆಲ್ಲ ನಾಚಿತು. "ಮತ್ತೆ ಯಾಕೆ ಹೇಳಲಿಲ್ಲ ಸರ್?" ಎಂದ, ಸಣ್ಣ ದನಿಯಲ್ಲಿ.

"ಹೇಳಿದ್ರ ಎಲ್ಲಿಗೆ ಹೋಗ್ತಿದ್ದಿ?" ಎಂದರು ಇರಣ್ಣ. ಇದೂ ಒಂದು ಪ್ರಶ್ನೆಯೇ ಎಂಬಂತೆ ಅವನನ್ನು ನೋಡಿದರು. "ಪ್ರೀತಿಲೆ ಇಟಗೊಂಡ್ವಿ ಅಂತ ತಿಳಕೋಬ್ಯಾಡ. ನಿನಗ ಹೋಗಾಕ ಜಾಗ ಇರಲಿಲ್ಲ, ಅದಕ್ಕ ಇಟಗೊಂಡ್ವಿ. ಪ್ರೀತಿ ಆಮ್ಯಾಲ ಬಂತು, ಇಪ್ಪತ್ತು ಇಪ್ಪತ್ತೈದನೇ ದಿವಸಕ್ಕ. ನೀ ಹೋದ ಮರುದಿವಸ ಆಕಿ ನಾಲ್ಕ ರೊಟ್ಟಿ ಹೆಚ್ಚಿಗಿ ಬಡದಾಳ, ಅದು ಖರೇ."

ದಯೆಯಲ್ಲ, ಹಕ್ಕು ಎಂದು ವೆಂಕಟಗಿರಿ ಆ ಅಧ್ಯಾಯದಲ್ಲಿ ಹದಿನಾಲ್ಕು ಸಲ ಬರೆದಿದ್ದ. ಬರೆಯುವಾಗೆಲ್ಲ ಒಳಗೊಳಗೇ ಅದನ್ನು ನಂಬದೆ, ಅಷ್ಟು ಒಣಗಿದ ಮಾತನ್ನು ಆ ಮುದುಕ ಯಾಕೆ ಆಡಿದ, ಪ್ರೀತಿ ಅಂದಿದ್ದರೆ ಏನಾಗುತ್ತಿತ್ತು ಎಂದು ಮರುಗುತ್ತಿದ್ದ. ಪ್ರೀತಿಗೇ ಬಿಟ್ಟಿದ್ದರೆ ಹನ್ನೊಂದನೇ ದಿನ ತಾನು ಟ್ರಂಕು ಹೊತ್ತು ಬೀದಿಯಲ್ಲಿರುತ್ತಿದ್ದೆ ಎಂಬುದು ಅವನಿಗೆ ಈಗ ಹೊಳೆಯಿತು. ಹೊಳೆದದ್ದರಿಂದ ದುಃಖವಾಯಿತು, ಎದೆ ಹಗುರವೂ ಆಯಿತು. ಆ ಅಕ್ಕರೆಗೆ ಸಮನಾಗಲು ತನ್ನಿಂದ ಆಗುವುದಿಲ್ಲವೆಂದು ಹೆದರಿಯೇ ಇಷ್ಟು ವರ್ಷ ಬಂದವರಿಗೆಲ್ಲ ನೆಪ ಹೇಳುತ್ತಿದ್ದನೇನೋ. ಅಷ್ಟೆಲ್ಲ ಬೇಕಾಗಿಯೇ ಇರಲಿಲ್ಲ. ಬಾಗಿಲು ತೆಗೆದಿದ್ದರೆ ಸಾಕಿತ್ತು.

ಇರಣ್ಣ ಡಬ್ಬಿಯಲ್ಲಿ ಇಟ್ಟಿದ್ದ ರೊಟ್ಟಿಯನ್ನು ಮತ್ತೆ ಎತ್ತಿಕೊಂಡು, ಚಟ್ನಿಯಲ್ಲಿ ಒತ್ತಿ ತಿಂದು ಮುಗಿಸಿ, ಕೈ ತೊಳೆದು ಎದ್ದರು. "ಈಗ ನನಗ ಹೋಗಾಕ ಜಾಗ ಇಲ್ಲ" ಎಂದರು. ಬೇಡಿಕೊಂಡಂತೆಯೂ ಇರಲಿಲ್ಲ, ಮುನಿದಂತೆಯೂ ಇರಲಿಲ್ಲ; ನದಿ ಯಾವ ಕಡೆ ಹರಿಯುತ್ತದೆಂದು ಹೇಳಿದ ಹಾಗಿತ್ತು. "ಸಿಟ್ಟು ಐತಿ. ಅದು ಇರಲಿ, ಅದರ ಪಾಡಿಗೆ ಅದು ಹಿಂದಿನ ಸೀಟಿನಾಗ ಬರ್ತೈತಿ. ಗಾಡಿ ತಿರುಗಸು. ಎಷ್ಟು ದಿವಸ ಇರಲಿ, ಹೇಳು."

ನಿಮ್ಮ ಮನೆ ಇದ್ದ ಹಾಗೆ ಸರ್, ಎಷ್ಟು ದಿನ ಬೇಕಾದರೂ ಇರಿ ಎಂಬ ಮಾತು ವೆಂಕಟಗಿರಿಯ ನಾಲಗೆಯ ತುದಿಗೆ ತಾನಾಗಿ ಬಂದು ನಿಂತಿತು. ಹುಟ್ಟಿದಾಗಿನಿಂದ ಕಲಿತ ಮಾತು, ಯಾವ ಮನೆಯಲ್ಲೂ ಯಾರೂ ನಂಬದ ಮಾತು. ಅದನ್ನು ನುಂಗಿದ. "ಸೋಮವಾರದ ತನಕ" ಎಂದ. "ಸೋಮವಾರ ಸಂಜೆ ನಾನೇ ಡಲ್ಲಾಸಿನ ಬಸ್ ಹತ್ತಿಸ್ತೀನಿ. ಬೆಳಿಗ್ಗೆ ಹೊತ್ತು ನಾನು ಬರೀಬೇಕು ಸರ್, ಹನ್ನೆರಡರ ತನಕ ನನ್ನನ್ನ ಮಾತಾಡಿಸಬಾರದು. ಆಮೇಲೆ ನಿಮಗೆ ಎಷ್ಟು ನದಿ ಬೇಕೋ ಅಷ್ಟು ತೋರಿಸ್ತೀನಿ."

ಇರಣ್ಣನವರ ಮುಖ ಬೆಳಗಿನಿಂದ ಮೊದಲ ಬಾರಿಗೆ ಪೂರ್ತಿ ಅರಳಿತು. "ಹಾಂ! ಹಂಗ ಬಾಯಿಬಿಟ್ಟು ಹೇಳಬೇಕೋ ಮೈಸೂರು. ನಂದೂ ಕೇಳು. ಮುಂಜಾನೆ ಐದಕ್ಕ ನಂಗ ಚಾ ಬೇಕು."

"ಆರಕ್ಕೆ."

"ಐದಕ್ಕ."

"ಸರ್, ಐದೂವರೆ."

"ಸಕ್ಕರಿ ಎರಡ ಚಮಚ" ಎಂದು ಅವರು ಟೋಪಿ ಹಾಕಿಕೊಂಡು ಕಾರಿನ ಕಡೆ ಹೊರಟರು. ವೆಂಕಟಗಿರಿ ಡಬ್ಬಿಗಳನ್ನು ಬಾಚಿಕೊಂಡು ಅವರ ಹಿಂದೆ ಓಡಿದ.